ಬೇಲಿಸಾಲಿನ ಶ್ರೀಗಂಧ: ಹರಡುವಿಕೆ ಮತ್ತು ಉಳಿವಿನ ಲೆಕ್ಕ ಇಡುವ ಕ್ರಮ

ಬಯಲುಸೀಮೆಯ ಹೊಲಗಳ ಬೇಲಿಯಲ್ಲಿ ಯಾರೂ ನೆಡದ ಶ್ರೀಗಂಧದ ಗಿಡಗಳು ಕಾಣಸಿಗುತ್ತವೆ. ಅವು ಎಲ್ಲಿಂದ ಬಂದವು, ಎಷ್ಟು ಉಳಿದವು, ಆ ಸಾಲು ಹೆಚ್ಚುತ್ತಿದೆಯೋ ಕ್ಷೀಣಿಸುತ್ತಿದೆಯೋ ಎಂಬುದನ್ನು ಒಂದು ನೋಟ್‌ಬುಕ್, ಅಳತೆಯ ಟೇಪು ಹಾಗೂ ಮೂರು ವರ್ಷಗಳ ತಾಳ್ಮೆ ಇರುವ ಯಾರು ಬೇಕಾದರೂ ತಿಳಿದುಕೊಳ್ಳಬಹುದು.

ಮೊದಲು ಹಣ್ಣು ಬಿಡುವ ಮರಗಳನ್ನು ಗುರುತಿಸಿ ಒಂದು ಕೈನಕ್ಷೆ ಬರೆದುಕೊಳ್ಳಿ. ಹಣ್ಣು ಮಾಗಿ ಕಪ್ಪು ನೇರಳೆಗೆ ತಿರುಗಿದಾಗ ಬೆಳಗಿನ ಹೊತ್ತು ಅರ್ಧ ಗಂಟೆ ದೂರದಲ್ಲಿ ಕುಳಿತು, ಕೋಗಿಲೆ, ಪಿಕಳಾರ, ಕುಟ್ರುಹಕ್ಕಿಗಳಲ್ಲಿ ಯಾವುದು ಬಂತು, ತಿಂದ ಮೇಲೆ ಎಲ್ಲಿ ಹೋಗಿ ಕುಳಿತಿತು ಎಂಬುದನ್ನು ಬರೆದಿಡಿ. ಹಕ್ಕಿ ತಿರುಳನ್ನು ಅರಗಿಸಿಕೊಂಡು ಬೀಜವನ್ನು ತಾನು ಕುಳಿತ ಕಡೆಯೇ ಬೀಳಿಸುವುದರಿಂದ, ಸಸಿಗಳನ್ನು ಬಯಲಿನಲ್ಲಿ ಹುಡುಕುವುದಕ್ಕಿಂತ ಹೊಂಗೆ, ಬೇವು, ಜಾಲಿಗಳ ನೆರಳಿನಲ್ಲಿಯೂ ತಂತಿಬೇಲಿಯ ಬುಡದಲ್ಲಿಯೂ ಹುಡುಕುವುದು ಲೇಸು.

ಸಸಿ ಸಿಕ್ಕಿದಾಗ ಅದರ ಅಕ್ಕಪಕ್ಕದಲ್ಲಿ ಯಾವ ಗಿಡವಿದೆ ಎಂಬುದನ್ನು ತಪ್ಪದೆ ಬರೆಯಬೇಕು; ನನ್ನ ದೃಷ್ಟಿಯಲ್ಲಿ ಇಡೀ ಲೆಕ್ಕದಲ್ಲಿ ಇದರಷ್ಟು ಬೆಲೆಯುಳ್ಳ ಮಾಹಿತಿ ಬೇರೊಂದಿಲ್ಲ. ಶ್ರೀಗಂಧವು ಅರೆಪರಾವಲಂಬಿ: ಹಸಿರೆಲೆಯಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಂಡರೂ, ನೀರು ಮತ್ತು ಲವಣಗಳಿಗಾಗಿ ನೆರೆಯ ಗಿಡದ ಬೇರಿಗೆ ತನ್ನ ಹೀರುಬೇರುಗಳನ್ನು ಅಂಟಿಸುತ್ತದೆ. ಹೀಗಾಗಿ ಹಕ್ಕಿ ಕುಳಿತ ಮರವೇ ಎಷ್ಟೋ ಸಲ ಸಸಿಗೆ ಆಸರೆಯೂ ಆಗುತ್ತದೆ, ಆಸರೆ ಸಿಗದ ಸಸಿ ಬೀಜದಲ್ಲಿದ್ದ ಆಹಾರ ಮುಗಿದ ಮೇಲೆ ಸೊರಗತೊಡಗುತ್ತದೆ.

ದೊಡ್ಡ ಮರದ ಹತ್ತಿರದ ಎಳೆಗಿಡವೆಲ್ಲ ಬೀಜದಿಂದ ಬಂದದ್ದೆಂದು ಭಾವಿಸಬೇಡಿ. ಬುಡದ ಮಣ್ಣನ್ನು ಎರಡು ಬೆರಳಿನಷ್ಟು ಮೆಲ್ಲಗೆ ಸರಿಸಿ ನೋಡಿ. ಅಡ್ಡಲಾಗಿ ಹರಿದ ದಪ್ಪ ಬೇರಿನಿಂದ ಅದು ಮೇಲೆದ್ದಿದ್ದರೆ ಬೇರುಚಿಗುರು, ಅದನ್ನು ಬೇರೆ ಪುಟದಲ್ಲಿ ಬರೆಯಿರಿ. ನೋಡಿದ ಮೇಲೆ ಮಣ್ಣು ಮುಚ್ಚಿ.

ಪ್ರತಿ ಸಸಿಯ ಪಕ್ಕ ಸಂಖ್ಯೆ ಬರೆದ ಗೂಟ ನೆಟ್ಟು (ಕಾಂಡಕ್ಕೆ ತಂತಿ ಬಿಗಿಯಬಾರದು), ಅಕ್ಟೋಬರ್, ಫೆಬ್ರವರಿ ಮತ್ತು ಮೇ ತಿಂಗಳ ಕೊನೆಯಲ್ಲಿ ಎಣಿಸಿ. ಉದಾಹರಣೆಗೆ, ಅಕ್ಟೋಬರಿನಲ್ಲಿದ್ದ 40 ಸಸಿಗಳಲ್ಲಿ ಮೇ ಕೊನೆಗೆ 6 ಉಳಿದರೆ ಉಳಿವಿನ ಪ್ರಮಾಣ ಶೇ. 15. ಸತ್ತವು ಒಣಗಿದವೋ, ಮೇಕೆ ಮೇಯಿತೋ, ಕಳೆ ಕೀಳುವಾಗ ಕುಡುಗೋಲಿಗೆ ಸಿಕ್ಕವೋ ಎಂಬುದನ್ನೂ ದಾಖಲಿಸಿ. ದೊಡ್ಡ ಮರಗಳ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ವರ್ಷಕ್ಕೊಮ್ಮೆ ಅಳೆದರೆ ಸಾಕು. ಸಸಿಗಳು ಹೇರಳವಾಗಿದ್ದು ನಡುವಯಸ್ಸಿನ ಮರಗಳೇ ಇಲ್ಲದಿದ್ದರೆ, ತೊಂದರೆ ಬೀಜ ಹರಡುವುದರಲ್ಲಿ ಅಲ್ಲ, ಆಮೇಲಿನ ವರ್ಷಗಳಲ್ಲಿದೆ ಎಂದು ತಿಳಿಯಬೇಕು.

ಎಲೆಗಳು ಕಿರಿದಾಗಿ, ಒತ್ತೊತ್ತಾಗಿ ಸೆಟೆದು ನಿಂತಿದ್ದರೆ ಅದು 1899ರಲ್ಲಿ ಕೊಡಗಿನಿಂದ ಮೊದಲು ವರದಿಯಾದ ಸ್ಪೈಕ್ ರೋಗವಿರಬಹುದು. ಅಂಥ ಮರಕ್ಕೆ ಪ್ರತ್ಯೇಕ ಗುರುತು ಹಾಕಿ.

ನಕ್ಷೆಯನ್ನು ವಾಟ್ಸಾಪ್‌ನಲ್ಲಿ ಹಂಚಬೇಡಿ, ಗಂಧದ ಕಳ್ಳರಿಗೂ ಅದು ಓದಲು ಬರುತ್ತದೆ. ಮರ ಕಳುವಾದರೆ ಅದರ ಸಂಖ್ಯೆಯನ್ನು ಹೊಡೆದುಹಾಕದೆ, ಬೊಡ್ಡೆಯ ಸುತ್ತ ಮುಂದಿನ ಮಳೆಗಾಲದಲ್ಲಿ ಮತ್ತೊಮ್ಮೆ ನೋಡಿ: ನೆಲದಲ್ಲಿ ಉಳಿದ ಬೇರಿನಿಂದ ಚಿಗುರು ಬಂದಿದ್ದರೆ ಅದು ಅದೇ ಮರದ ಲೆಕ್ಕಕ್ಕೆ ಸೇರುತ್ತದೆ.