ಸ್ಪಂಜ್‌ಬಾಬ್‌ನಲ್ಲಿ ಏಳು ಪಾಪ ಹುಡುಕೋಕೆ ಹೋಗಿದ್ದು: ನನ್ನ ಅನುಭವ

ಸ್ಪಂಜ್‌ಬಾಬ್ ಕಾರ್ಟೂನ್‌ನ ಏಳು ಪಾತ್ರಗಳು ಅಂದ್ರೆ ಕ್ರಿಶ್ಚಿಯನ್ನರು ಹೇಳೋ ಏಳು ಮಹಾಪಾಪಗಳು ಅನ್ನೋ ಥಿಯರಿ ನೀವೂ ಕೇಳಿರಬಹುದು, ಫ್ಯಾನ್‌ಗಳು ವರ್ಷಗಳಿಂದ ಹೇಳ್ತಾ ಬಂದಿರೋದು. ಮೊದಲ ಸಲ ಕೇಳಿದಾಗ ನಂಗೆ ಮೈ ಜುಮ್ ಅಂದಿತ್ತು. ನೋಡೇಬಿಡೋಣ ಅಂತ ಒಂದು ನೋಟ್‌ಬುಕ್ ಹಿಡ್ಕೊಂಡು ಕೂತೆ, ಪಕ್ಕದಲ್ಲಿ ಅಕ್ಕನ ಮಗಳು, ಎಂಟು ವರ್ಷ, ಅವಳಿಗಂತೂ ಎಪಿಸೋಡ್ ಮೇಲೆ ಎಪಿಸೋಡ್ ನೋಡೋಕೆ ಒಳ್ಳೆ ನೆಪ.

ಶುರುವಲ್ಲಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೋಯ್ತು. ಕಾಸಿಗೆ ಬಾಯ್ಬಿಡೋ ಮಿಸ್ಟರ್ ಕ್ರ್ಯಾಬ್ಸ್ ದುರಾಸೆ, ಬಂಡೆ ಕೆಳಗೆ ಬಿದ್ಕೊಂಡಿರೋ ಪ್ಯಾಟ್ರಿಕ್ ಸೋಮಾರಿತನ, ಯಾವಾಗ ನೋಡಿದ್ರೂ ಸಿಡಿಮಿಡಿ ಅನ್ನೋ ಸ್ಕ್ವಿಡ್‌ವರ್ಡ್ ಕೋಪ, ಕ್ರ್ಯಾಬ್ಸ್‌ನ ಹೋಟೆಲ್ಲಿನ ಸೀಕ್ರೆಟ್ ಫಾರ್ಮುಲಾ ಕದಿಯೋಕೆ ಒದ್ದಾಡೋ ಪ್ಲ್ಯಾಂಕ್ಟನ್ ಅಸೂಯೆ, ನಾನು ಟೆಕ್ಸಾಸ್‌ನವಳು ಅಂತ ಮೆರೆಯೋ ಸ್ಯಾಂಡಿ ಗರ್ವ. ಐದಾಯ್ತು. ಆರನೇದಕ್ಕೆ ಬಸವನಹುಳ ಗ್ಯಾರಿನ ಹೊಟ್ಟೆಬಾಕ ಅಂತ ಬರ್ದೆ, ಬರೀವಾಗ್ಲೇ ಕೈ ಸ್ವಲ್ಪ ತಡೀತು, ಪಾಪ ಅದು ಮಿಯಾಂವ್ ಅಂತ ಊಟ ಕೇಳುತ್ತೆ ಅಷ್ಟೇ, ಸಾಕಿದ ಪ್ರಾಣಿ ಯಾವುದು ಕೇಳಲ್ಲ ಹೇಳಿ. ಏಳನೇದು ಕಾಮ, ಉಳಿದಿದ್ದು ಸ್ಪಂಜ್‌ಬಾಬ್ ಒಬ್ನೇ. ಕಾಮ ಅಂದ್ರೆ ಇಲ್ಲಿ ಎಲ್ಲರನ್ನೂ ಅತಿಯಾಗಿ ಪ್ರೀತಿಸೋದು ಅಂತೆ. ಅಂತೆ!

ಆ ಹುಡುಗಿ ನೋಟ್‌ಬುಕ್ ಇಣುಕಿ ನೋಡಿ, "ಮಿಸೆಸ್ ಪಫ್ ಎಲ್ಲಿ? ಪರ್ಲ್ ಎಲ್ಲಿ?" ಅಂದ್ಲು. ಬೋಟಿಂಗ್ ಸ್ಕೂಲ್ ಟೀಚರ್ರು, ಕ್ರ್ಯಾಬ್ಸ್‌ನ ಮಗಳು, ಇಬ್ರೂ ಆಗಾಗ ಬರ್ತಾನೇ ಇರ್ತಾರೆ, ನನ್ನ ಲಿಸ್ಟಲ್ಲಿ ಮಾತ್ರ ಇಲ್ಲ. ಯಾಕಂದ್ರೆ ಪಾಪ ಏಳೇ ಅಲ್ವಾ, ಅದಕ್ಕೆ ನಾನು ಪಾತ್ರಾನೂ ಏಳೇ ಎಣಿಸಿಬಿಟ್ಟಿದ್ದೆ.

ಆ ಏಳು ಅನ್ನೋ ಸಂಖ್ಯೆನೂ ಆಕಾಶದಿಂದ ಇಳಿದು ಬಂದಿದ್ದಲ್ಲ. 4ನೇ ಶತಮಾನದಲ್ಲಿ ಇವಾಗ್ರಿಯಸ್ ಅನ್ನೋ ಸನ್ಯಾಸಿ ಎಂಟು ದುಷ್ಟ ಆಲೋಚನೆ ಅಂತ ಬರ್ದಿದ್ದ, 6ನೇ ಶತಮಾನದ ಕೊನೇಲಿ ಪೋಪ್ ಗ್ರೆಗರಿ ಅದನ್ನ ಏಳಕ್ಕೆ ಇಳಿಸಿದ್ರು. ಹಂಗಾದ್ರೆ ಬೇರೆ ಲಿಸ್ಟ್ ಹಾಕಿ ನೋಡೋಣ ಅಂತ ಪೇಜ್ ತಿರುಗಿಸಿ ನಮ್ಮ ಅರಿಷಡ್ವರ್ಗ ಬರ್ದೆ. ಕ್ರೋಧ ಸ್ಕ್ವಿಡ್‌ವರ್ಡ್, ಲೋಭ ಕ್ರ್ಯಾಬ್ಸ್, ಮದ ಸ್ಯಾಂಡಿ, ಮಾತ್ಸರ್ಯ ಪ್ಲ್ಯಾಂಕ್ಟನ್, ಕೆಲಸ ಕೆಲಸ ಅಂತ ಅಂಟಿಕೊಂಡಿರೋ ಸ್ಪಂಜ್‌ಬಾಬ್ ಮೋಹ, ಕಾಮ ಅಂದ್ರೆ ಬರೀ ಆಸೆ ಅಂತ ಹಿಡಿದ್ರೆ ಗ್ಯಾರಿ. ಪ್ಯಾಟ್ರಿಕ್ ಒಬ್ಬ ಉಳ್ಕೊಂಡ, ಅವನ್ನ ತಮೋಗುಣ ಅಂತ ಪಕ್ಕದ ಖಾತೆಗೆ ಹಾಕ್ದೆ. ಏಳು ಪಾಪಕ್ಕಿಂತ ಇದೇ ಚೆನ್ನಾಗಿ ಕೂತ್ಕೊಳ್ತು ಮಾರಾಯ್ರೆ. ಎರಡು ಧರ್ಮದ ಎರಡು ಲಿಸ್ಟು ಒಂದೇ ಕಾರ್ಟೂನಿಗೆ ಇಷ್ಟು ಸಲೀಸಾಗಿ ಕೂತ್ರೆ, ಕೂರಿಸ್ತಾ ಇರೋನು ನಾನೇ ತಾನೆ. ಬೆಡಗಿನ ವಚನ ಓದಿ ಅಭ್ಯಾಸ ಇರೋರಿಗೆ ಈ ಚಟ ಬೇಗ ಹತ್ತುತ್ತೆ ಅನ್ಸುತ್ತೆ, ಕಪ್ಪೆ ಕಂಡ್ರೂ ಹಾವು ಕಂಡ್ರೂ ಒಳಗೊಂದು ತತ್ವ ಇರ್ಲೇಬೇಕು ನಮಗೆ.

1999ರಲ್ಲಿ ಶುರುವಾದ ಈ ಕಾರ್ಟೂನ್ ಮಾಡಿದ ಸ್ಟೀಫನ್ ಹಿಲ್ಲೆನ್‌ಬರ್ಗ್ ಮೊದಲು ಸಮುದ್ರ ಜೀವಶಾಸ್ತ್ರದ ಮೇಷ್ಟ್ರು, ದಡದ ಹೊಂಡಗಳಲ್ಲಿ ಇರೋ ಜೀವಿಗಳ ಬಗ್ಗೆ ಪಾಠಕ್ಕೆ ಅಂತ ಕಾಮಿಕ್ಸೂ ಬರ್ದಿದ್ರು. ಸ್ಪಂಜು, ನಕ್ಷತ್ರಮೀನು, ಏಡಿ ಎಲ್ಲಾ ಅಲ್ಲಿಂದ ಬಂದಿದ್ದು. ಆದ್ರೂ ಮಾಡಿದವರ ಮನಸ್ಸಲ್ಲಿ ಇರ್ಲಿಲ್ಲ ಅಂದ ಮಾತ್ರಕ್ಕೆ ಓದೋ ಹಂಗಿಲ್ಲ ಅಂತೇನೂ ನಾನು ಹೇಳಲ್ಲ. ನಂಗೆ ಬೇಕಾಗಿದ್ದು ಹೆಸರು ಅಂಟಿಸೋದಕ್ಕಿಂತ ಜಾಸ್ತಿ ಏನಾದ್ರೂ.

ಕಠೋಪನಿಷತ್ತಿನ ರಥ ನೆನಪಿದೆಯಲ್ಲ, ದೇಹ ರಥ, ಇಂದ್ರಿಯ ಕುದುರೆ, ಮನಸ್ಸು ಲಗಾಮು, ಬುದ್ಧಿ ಸಾರಥಿ. ಅಲ್ಲಿ ಹೆಸರಿಗಿಂತ ಕಟ್ಟು ಮುಖ್ಯ, ಸಾರಥಿಗೆ ವಿವೇಕ ಇಲ್ದೆ ಲಗಾಮು ಸಡಿಲ ಆಯ್ತೋ ಕುದುರೆ ಹೇಳಿದ ಮಾತು ಕೇಳಲ್ಲ, ರಥ ಮುಟ್ಟೋ ಜಾಗ ಮುಟ್ಟಲ್ಲ. ಸ್ಪಂಜ್‌ಬಾಬ್‌ನಲ್ಲಿ ಈ ಥರ ಏನೂ ಆಗಲ್ಲ. ಕ್ರ್ಯಾಬ್ಸ್ ಎಷ್ಟೇ ದುರಾಸೆ ಪಟ್ರೂ ಮುಂದಿನ ಎಪಿಸೋಡಿಗೆ ಹೋಟೆಲು ಹಂಗೇ ಇರುತ್ತೆ, ಮನೆ ಬಿದ್ರೂ ಮತ್ತೆ ಎದ್ದಿರುತ್ತೆ, ಯಾರೂ ಉದ್ಧಾರ ಆಗಲ್ಲ ಯಾರೂ ಹಾಳಾಗಲ್ಲ. ಅರೆ, ಇದೇ ಪುನರ್ಜನ್ಮ ಅಲ್ವಾ ಅಂತ ಬರೆಯೋಕೆ ಹೊರಟಿದ್ದೆ, ಪೆನ್ನು ಕೆಳಗಿಟ್ಟೆ.

ಆಮೇಲೆ ಅವತಾರ್: ದಿ ಲಾಸ್ಟ್ ಏರ್‌ಬೆಂಡರ್ ಅನ್ನೋ ಕಾರ್ಟೂನ್ ನೋಡಿದ್ವಿ, 2005ರಿಂದ 2008ರವರೆಗೆ ಬಂದಿದ್ದು. ಎರಡನೇ ಸೀಸನ್ನಲ್ಲಿ ಪಾತಿಕ್ ಅನ್ನೋ ಗುರು ಹುಡುಗ ಆಂಗ್‌ಗೆ ಏಳು ಚಕ್ರ ಹೇಳಿಕೊಡ್ತಾನೆ, ನೀರಿನ ಗುಂಡಿಗಳಲ್ಲಿ ಪಾಚಿ ಕಟ್ಟಿದ್ರೆ ಹರಿವು ನಿಲ್ಲುತ್ತೆ ಅಂತ ತೋರಿಸಿ. ಕೊನೇ ಚಕ್ರಕ್ಕೆ ಗೆಳತಿ ಕಟಾರಾ ಮೇಲಿನ ಮೋಹ ಬಿಡ್ಬೇಕು, ಅವಳು ಅಪಾಯದಲ್ಲಿದ್ದಾಳೆ ಅಂತ ಕಾಣುತ್ತೆ, ಹುಡುಗ ಅರ್ಧಕ್ಕೇ ಎದ್ದು ಓಡ್ತಾನೆ, ಅದಕ್ಕೆ ದೊಡ್ಡ ಬೆಲೇನೂ ತೆರ್ತಾನೆ. ಇದು ಮುಚ್ಚಿಟ್ಟ ರೂಪಕ ಅಲ್ಲ, ಚಕ್ರ ಅಂತ ಬಾಯ್ಬಿಟ್ಟೇ ಹೇಳ್ತಾರೆ, ಆದ್ರೆ ಆ ವಿಚಾರ ಕಿತ್ತುಹಾಕಿದ್ರೆ ಕಥೇನೇ ಮುಂದೆ ಹೋಗಲ್ಲ. ಸ್ಪಂಜ್‌ಬಾಬ್‌ನಿಂದ ಏಳು ಪಾಪ ತೆಗೆದ್ಹಾಕಿ, ಒಂದು ಜೋಕೂ ಕೆಡಲ್ಲ.

ಈಗ ಯಾವ ಕಾರ್ಟೂನಿಗೆ ಇಂಥ ಥಿಯರಿ ಕೇಳಿದ್ರೂ ಮೊದ್ಲು ಲಿಸ್ಟಿಗೆ ಸಿಗದೇ ಇರೋ ಪಾತ್ರಗಳನ್ನ ಬರ್ಕೊಳ್ತೀನಿ. ಆ ಹುಡುಗಿ ಮೊನ್ನೆ ಹಳೇ ನೋಟ್‌ಬುಕ್ ತೆಗೆದು ಪರ್ಲ್ ಹೆಸರಿನ ಮುಂದೆ ಪೆನ್ಸಿಲ್ಲಲ್ಲಿ ಒಂದು ಪ್ರಶ್ನೆ ಬರೆದಿಟ್ಟಿದ್ದಾಳೆ, ಏಡಿಗೆ ತಿಮಿಂಗಿಲ ಹೆಂಗೆ ಮಗಳಾಯ್ತು ಅಂತ. ಇನ್ನೂ ಉತ್ತರ ಕೊಟ್ಟಿಲ್ಲ.