ಭೋಸರಿ ಶೆಡ್ಡಿನ ಟ್ರ್ಯಾಕ್ಟರ್: ನನ್ನ ಅನುಭವ

'ಹನ್ನೆರಡು ಎಚ್‌ಪಿಗೆ ಟ್ರ್ಯಾಕ್ಟರ್ ಆಗೂದಿಲ್ಲ' ಅಂತ ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದ (ಎಂಐಡಿಸಿ) ಚಹಾದಂಗಡಿಯಲ್ಲಿ ನಕ್ಕವರ ಪೈಕಿ ಇಬ್ಬರು ಈಗ ನನಗೇ ಪಾರ್ಟ್ಸ್ ಮಾಡಿಕೊಡ್ತಾರೆ. ಅದನ್ನು ಹೇಳಿಕೊಳ್ಳುವ ಖುಷಿಗೂ ಇದನ್ನು ಬರೆಯುತ್ತಿದ್ದೇನೆ ಅನ್ನಿ.

ಸಣ್ಣ ಟ್ರ್ಯಾಕ್ಟರ್ ಬೇಕಾಗಿದ್ದು ವಿಜಯಪುರ ಜಿಲ್ಲೆಯ ತಿಕೋಟದ ನಮ್ಮ ಮಾವನವರಿಗೆ. ದ್ರಾಕ್ಷಿ ಸಾಲಿನಲ್ಲಿ ದೊಡ್ಡ ಗಾಡಿ ತಿರುಗಿದರೆ ಬಳ್ಳಿಗೆ ಮಡ್‌ಗಾರ್ಡ್ ತಾಗದೆ ಬಿಡುವುದಿಲ್ಲ. ಮೂರಡಿ ಅಗಲದಲ್ಲಿ ಮಾಡಿಕೊಡ್ತೀನಿ ಅಂದೆ. ಒಂದೂವರೆ ಲಕ್ಷ ಕೊಟ್ಟರು. 'ಹೋದ ರೊಕ್ಕ ಅಂತ ವಹಿಯೊಳಗ ಬರದಿಟ್ಟೀನಿ ನೋಡಪಾ' ಅಂತ ಆಗಲೇ ಹೇಳಿದ್ದರು.

ಮೊದಲನೆಯದು ಸಿಂಗಲ್ ಸಿಲಿಂಡರ್ ಡೀಸೆಲ್, ಗುಜರಿಯ ಜೀಪಿನ ಗೇರ್‌ಬಾಕ್ಸ್, ಕೊಯ್ದು ಗಿಡ್ಡ ಮಾಡಿದ ಹಿಂದಿನ ಆಕ್ಸಲ್. ಫಸ್ಟ್ ಗೇರಿನಲ್ಲೇ ಗಂಟೆಗೆ ಏಳೆಂಟು ಕಿ.ಮೀ. ಓಡಿತು! ಮಣ್ಣು ಪುಡಿಮಾಡುವ ರೋಟವೇಟರ್ ಕಟ್ಟಿದರೆ ಮಣ್ಣು ಕೆರೆದು ಮುಂದೆ ಹೋಯ್ತು, ಅಷ್ಟೇ. ಎಲ್ಲರೂ ಎಚ್‌ಪಿ ಏರಿಸು ಅಂದರು. ನಾನು ಸ್ಪೀಡ್ ಇಳಿಸಿದೆ. ತೋಟದ ಗಾಡಿ ಓಡಬಾರದು, ತೆವಳಬೇಕು.

ಇಳಿಸೋಕೆ ಹಾಕಿದ್ದು ಚೈನ್. ಕೆಸರು ತುಂಬಿ ಹದಿನೈದು ದಿನಕ್ಕೊಮ್ಮೆ ಕಟ್. ಆಮೇಲೆ ಚಕ್ರದ ಬುಡದಲ್ಲೇ ಗೇರ್ ಕೂಡಿಸಿದೆ, ಗೇರಿಗೆ ಬಳಸುವ ಇಎನ್-353 ಉಕ್ಕಿನದು. ಹೀಟ್ ಟ್ರೀಟ್‌ಮೆಂಟಿಗೆ (ಕಾಯಿಸಿ ಗಡಸು ಮಾಡೋಕೆ) ಕೊಟ್ಟ ಕಡೆ ಗಡಸು ಪದರ ತೀರಾ ತೆಳುವಾಗಿತ್ತು, ಹಲ್ಲು ಹಪ್ಪಳದ ಹಾಗೆ ಎದ್ದವು. ಸುಮಾರು ಎಂಬತ್ತು ಸಾವಿರ ನೀರಿಗೆ. ಆ ನಷ್ಟ ತುಂಬೋಕೆ ಹಳೆ ಲೇತ್ ಮಾರಿದೆ. ಈಗ ಸರಿಹೋಗಿದೆ, ಆದರೆ ಎಷ್ಟು ಹಲ್ಲಿಗೆ ಎಷ್ಟು ಹಲ್ಲು, ಕುಲುಮೆಯಲ್ಲಿ ಎಷ್ಟು ಹೊತ್ತು ಅಂತ ಕೇಳಬೇಡಿ, ಹೇಳೋದಿಲ್ಲ.

ನಡುವೆ ಹೊಂಗೆ ಎಣ್ಣೆಯ ಹುಚ್ಚು ಹಿಡಿಯಿತು. ಡೀಸೆಲ್‌ಗೆ ಕಾಲು ಭಾಗ ಸುರಿದೆ. ಎರಡು ದಿನ ಚೆಂದ ಓಡಿತು, ಮೂರನೆಯ ದಿನ ಫಿಲ್ಟರ್ ಗೋಂದು, ನಾಜಲ್‌ಗೆ ಮಸಿ. ಎಣ್ಣೆಯ ರೇಟು ಡೀಸೆಲ್‌ಗಿಂತ ಜಾಸ್ತಿ ಅನ್ನೋದು ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಯ್ತು.

'ವಿದೇಶಿ ಡ್ರಾಯಿಂಗ್ ಇಲ್ಲದೆ ಆಗೋದಿಲ್ಲ' ಅನ್ನುವವರಿಗೆ ನನ್ನ ಹತ್ತಿರ ಒಂದೇ ಉತ್ತರ, ಸ್ವರಾಜ್ ಟ್ರ್ಯಾಕ್ಟರ್. ದುರ್ಗಾಪುರದ ಸರ್ಕಾರಿ ಪ್ರಯೋಗಾಲಯದ ವಿನ್ಯಾಸ, 1974ರಲ್ಲಿ ಪಂಜಾಬಿನ ಮೊಹಾಲಿಯಿಂದ 724 ಅನ್ನೋ ಮಾಡೆಲ್ ಹೊರಬಂತು. ಇಲ್ಲೇ ಮುಂಬೈಯ ಕಾಂದಿವಲಿಯಲ್ಲಿ 1963ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜತೆಗೂಡಿ ಟ್ರ್ಯಾಕ್ಟರ್ ತಯಾರಿಕೆಗೆ ಇಳಿದ ಮಹೀಂದ್ರಾದವರೇ 2007ರಲ್ಲಿ ಸ್ವರಾಜ್ ಕಂಪನಿಯನ್ನು ಕೊಂಡರಲ್ಲ! ಕಿರ್ಲೋಸ್ಕರ್ ಕಂಪನಿ ಕಟ್ಟಿದ ಲಕ್ಷ್ಮಣರಾಯರೂ ನಮ್ಮ ಬೆಳಗಾವಿ ಕಡೆಯ ಗುರ್ಲಹೊಸೂರಿನವರು. ಅವರ ಕಬ್ಬಿಣದ ನೇಗಿಲು ನೋಡಿ ಮಣ್ಣಿಗೆ ವಿಷ ಆಗ್ತದೆ ಅಂದಿದ್ದರಂತೆ ರೈತರು. ನನ್ನದನ್ನು ಮಾವ ಬರೀ 'ಆಟಗಿ' (ಆಟಿಕೆ) ಅಂದರು, ಅಷ್ಟರಮಟ್ಟಿಗೆ ನಾನು ಪುಣ್ಯವಂತ.

ಇನ್ನೊಂದು ಉಳಿದಿತ್ತು. ದಿಬ್ಬ ಏರುವಾಗ ಗಾಡಿ ಮೂತಿ ಎತ್ತುತ್ತಿತ್ತು. ಮುಂದೆ ಅರವತ್ತು ಕಿಲೋದಷ್ಟು ಎರಕದ ಕಬ್ಬಿಣದ ತುಂಡು ನೇತುಹಾಕಿದೆ, ಮೂತಿ ಎತ್ತೋದು ನಿಂತಿತು. ಹಿಂದಿನ ಟೈರಿಗೆ ಮುಕ್ಕಾಲು ನೀರು ತುಂಬಿದ್ದಕ್ಕೆ ಕೆಸರಲ್ಲಿ ಜಾರುವುದೂ ಕಡಿಮೆಯಾಯ್ತು.

ಮಾವ ಒಂದು ಹಂಗಾಮು ಓಡಿಸಿ ನೋಡಿದರು. ಮುಂದಿನ ವರ್ಷ ಪಕ್ಕದ ತೋಟದವರು ಎರಡು ಕೇಳಿದರು. ಆಗ ಶೆಡ್ಡಿನ ಮೇಲೆ ಕಂಪನಿ ಅಂತ ಬೋರ್ಡ್ ಬರೆಸಿದೆ. ಇದುವರೆಗೆ ಹನ್ನೊಂದು ಹೋಗಿವೆ. ಒಂದಕ್ಕೆ ಎರಡು ಲಕ್ಷದ ಮೇಲೆ ಖರ್ಚು, ಮಾರುವುದು ಎರಡೂವರೆಗೆ. ಸರ್ಕಾರಿ ಟೆಸ್ಟ್ ರಿಪೋರ್ಟ್ ಇಲ್ಲದೆ ಸಬ್ಸಿಡಿ ಸಿಗೋದಿಲ್ಲ. ಹನ್ನೆರಡನೆಯದನ್ನು ಮಧ್ಯಪ್ರದೇಶದ ಬುದ್ನಿಯ ಸರ್ಕಾರಿ ಟೆಸ್ಟಿಂಗ್ ಕೇಂದ್ರಕ್ಕೇ ಕಳಿಸಬೇಕು ಅಂತ ಪೇಂಟ್ ಮಾಡಿಸದೆ ನಿಲ್ಲಿಸಿದ್ದೇನೆ. ಮಾವನವರ ವಹಿಯಲ್ಲಿ ಆ ಒಂದೂವರೆ ಲಕ್ಷ ಇನ್ನೂ 'ಹೋದ ರೊಕ್ಕ' ಅಂತಲೇ ಇದೆ.