ಗಾರ್ಲಿಟ್ಸ್ ಓಡಿಸಿದ ಎಂಟು ಕಾರ್ಬುರೇಟರ್: ಸ್ಟ್ರಾಂಬರ್ಗ್ 97ನ್ನು ಮೆಥನಾಲ್‌ಗೆ ಹೊಂದಿಸುವುದು

1957ರಲ್ಲಿ ಫ್ಲೋರಿಡಾದ ಬ್ರೂಕ್ಸ್‌ವಿಲ್‌ನಲ್ಲಿ ಡ್ರ್ಯಾಗ್ ರೇಸರ್ ಡಾನ್ ಗಾರ್ಲಿಟ್ಸ್ ಕಾಲು ಮೈಲಿಯನ್ನು 8.79 ಸೆಕೆಂಡಿಗೆ ಮುಗಿಸಿದ, ಕೊನೆಗೆ ವೇಗ ಗಂಟೆಗೆ 176.40 ಮೈಲಿ. ಗಡಿಯಾರವೇ ಸರಿಯಿಲ್ಲವೆಂದು ಕ್ಯಾಲಿಫೋರ್ನಿಯಾದವರು ಆಡಿಕೊಂಡರು. ಗಾಡಿ ಅವನೇ ಕಟ್ಟಿದ ಸ್ವಾಂಪ್ ರ್‍ಯಾಟ್: ಹಳೇ ಷೆವ್ರೊಲೆ ಚಾಸಿ, ಕ್ರೈಸ್ಲರ್ ಹೆಮಿ ಎಂಜಿನ್, ಮೇಲೆ ಗಾಳಿಗೆ ಇಂಧನ ಬೆರೆಸುವ ಎಂಟು ಸ್ಟ್ರಾಂಬರ್ಗ್ 97 ಕಾರ್ಬುರೇಟರ್. ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ) ಬಂದದ್ದು 1959ರಲ್ಲಿ.

ಅಂಥ ಎಂಜಿನ್ ಕೂರಿಸುವವರು ಮೊದಲು ಮೆಥನಾಲ್‌ನಲ್ಲೇ ಓಡಿಸಿ. ಇನ್ನೂ ಜೋರಿನ ರೇಸ್ ಇಂಧನ ನೈಟ್ರೋಮೀಥೇನ್ ಆಸೆ ಆಮೇಲೆ. ಟ್ಯೂನಿಂಗ್ ಕೈಗೆ ಹತ್ತುವ ಮೊದಲೇ ಅದನ್ನು ಸುರಿದರೆ ಪಿಸ್ಟನ್ ಕರಗುತ್ತದೆ.

ಎಲ್ಲರೂ ಜೆಟ್ (ಇಂಧನವನ್ನು ಅಳೆದು ಬಿಡುವ ಸಣ್ಣ ರಂಧ್ರದ ಬಿಡಿಭಾಗ) ಹಿಡಿದು ಕೂರುತ್ತಾರೆ. ಶುರು ಮಾಡಬೇಕಾದದ್ದು ಕಾರ್ಬುರೇಟರಿನ ಇಂಧನ ಬಟ್ಟಲು, ಅಂದರೆ ಬೌಲ್‌ಗೆ ಇಂಧನ ಬರುವ ದಾರಿಯಿಂದ. ಪೆಟ್ರೋಲಿಗೆ ಗಾಳಿ-ಇಂಧನ ಪ್ರಮಾಣ 14.7:1, ಮೆಥನಾಲ್‌ಗೆ 6.4:1. ಅಂದರೆ ಎರಡು ಪಟ್ಟಿಗಿಂತ ಜಾಸ್ತಿ ಇಂಧನ. 400 ಅಶ್ವಶಕ್ತಿಗೆ ನಿಮಿಷಕ್ಕೆ ಸುಮಾರು 4 ಲೀಟರ್ ಬೇಕು. ಕಾರ್ಬುರೇಟರ್ ಕಡೆಯ ಪೈಪ್ ಬಿಚ್ಚಿ ಅಳತೆ ಡಬ್ಬಕ್ಕೆ 15 ಸೆಕೆಂಡು ಹರಿಸಿ. 1 ಲೀಟರ್ ತುಂಬದಿದ್ದರೆ ಪೈಪೋ ಪಂಪೋ ಸಾಲದು. ಹಾಗೆಂದು ಒತ್ತಡ ಏರಿಸಬೇಡಿ. 2.5 ಪಿ.ಎಸ್.ಐ. (ಚದರ ಇಂಚಿಗೆ ಪೌಂಡ್) ದಾಟಿದರೆ ಇಂಧನದ ಬಾಗಿಲು ಮುಚ್ಚುವ 97ರ ಸೂಜಿ ತಡೆಯದೆ ಬೌಲ್ ಉಕ್ಕುತ್ತದೆ. ರಂಧ್ರ ದೊಡ್ಡದಿರುವ ಸೂಜಿ-ಸೀಟು ಹಾಕಿ. ಫ್ಲೋಟ್ ಮಟ್ಟ (ತೇಲುಬುರುಡೆ ಕಾಯುವ ಇಂಧನದ ಮಟ್ಟ) ಬೌಲ್‌ನ ಮೇಲಂಚಿನಿಂದ 15/32 ಇಂಚು, ಅಂದಾಜು 12 ಮಿ.ಮೀ. ಕೆಳಗಿರಲಿ; ಎಂಟರಲ್ಲೂ ಒಂದೇ ಸಮ.

ಈಗ ಜೆಟ್. ಮೂಲ ಅಳತೆ 0.045 ಇಂಚು. ರಂಧ್ರದ ವಿಸ್ತೀರ್ಣ ದುಪ್ಪಟ್ಟಾಗಲು ವ್ಯಾಸ 0.064 ಸಾಕು, 0.090 ಅಲ್ಲ! 0.068ರಿಂದ ಶುರು ಮಾಡಿ ಒಂದೊಂದೇ ಮೆಟ್ಟಿಲು ಇಳಿಯಿರಿ. ಪೆಡಲ್ ಪೂರ್ತಿ ಒತ್ತಿದಾಗ ಹೆಚ್ಚುವರಿ ಇಂಧನ ಕೊಡುವ ಪವರ್ ಜೆಟ್ಟನ್ನೂ ಇದೇ ಲೆಕ್ಕದಲ್ಲಿ ದೊಡ್ಡದು ಮಾಡಿ. ಮೆಥನಾಲ್ ಮಸಿ ಬಿಡುವುದಿಲ್ಲ, ಹಾಗಾಗಿ ಸ್ಪಾರ್ಕ್ ಪ್ಲಗ್‌ನ ಪಿಂಗಾಣಿ ಬಣ್ಣ ನಂಬಬೇಡಿ. ಓಟ ಮುಗಿದ ಕೂಡಲೇ ಇಗ್ನಿಷನ್ ಕಡಿದು ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿ ಮೇಲೆ ಅಲ್ಯುಮಿನಿಯಂ ಚುಕ್ಕೆ ಕಂಡರೆ ಇಂಧನ ಸಾಲದೆ ಪಿಸ್ಟನ್ ಬೇಯುತ್ತಿದೆ. ಓಟದ ಕೊನೆಯಲ್ಲಷ್ಟೇ ಎಂಜಿನ್ ಸೊರಗಿದರೆ ತಪ್ಪು ಜೆಟ್ಟಿನದಲ್ಲ, ಬೌಲ್ ಬತ್ತುತ್ತಿದೆ.

ಪೆಡಲ್ ಪೂರ್ತಿ ಒತ್ತಿದಾಗ ಎಂಟೂ ಕಾರ್ಬುರೇಟರಿನ ಬಟರ್‌ಫ್ಲೈಗಳು (ಗಾಳಿ ದಾರಿಯ ತಟ್ಟೆ ಬಾಗಿಲುಗಳು) ಒಟ್ಟಿಗೇ ಪೂರ್ತಿ ತೆರೆಯಬೇಕು. ಪೆಡಲಿನಿಂದ ಅವನ್ನು ಎಳೆಯುವ ಲಿಂಕೇಜಿಗೆ ಎರಡು ರಿಟರ್ನ್ ಸ್ಪ್ರಿಂಗ್ ಹಾಕಿ. ಮೆಥನಾಲ್ ಬೆಂಕಿ ಬಿಸಿಲಿನಲ್ಲಿ ಕಾಣುವುದಿಲ್ಲ, ಬಕೆಟ್ ನೀರು ಪಕ್ಕದಲ್ಲಿರಲಿ.

97ರ ಬಾಡಿ ಸತುವಿನ ಎರಕ, ಮೆಥನಾಲ್ ಅದನ್ನು ತಿನ್ನುತ್ತದೆ. ಸಂಜೆಗೆ ಬೌಲ್‌ಗಳನ್ನು ಖಾಲಿ ಮಾಡಿ ಪೆಟ್ರೋಲ್ ಹಾಯಿಸಿಬಿಡಿ. ಬಿಳಿ ಪುಡಿ ಕಂಡ ಜೆಟ್ಟನ್ನು ತಂತಿಯಿಂದ ಕೆದಕಬೇಡಿ, ರಂಧ್ರದ ಅಳತೆ ಕೆಡುತ್ತದೆ.